ಕಾಯೋಟಿಯ ರಾತ್ರಿ ಬೇಟೆ: ನಮ್ಮ ಕುರಿ ರೊಪ್ಪಕ್ಕೆ ಅದರಿಂದ ಏನು?

ಕಳೆದ ಮಾಗಿಯಲ್ಲಿ ಕಡಲೆ ಬೆಳೆ ನೋಡಲೆಂದು ಹಿರಿಯೂರು ತಾಲ್ಲೂಕಿನ ಒಂದು ಹಟ್ಟಿಗೆ ಹೋಗಿದ್ದೆ. ಅಂದು ಅಲ್ಲಿ ಕಡಲೆಯ ಮಾತು ಯಾರಿಗೂ ಬೇಕಿರಲಿಲ್ಲ. ಹಿಂದಿನ ರಾತ್ರಿ ಕುರಿ ರೊಪ್ಪಕ್ಕೆ ಏನೋ ನುಗ್ಗಿ ಏಳು ಮರಿಗಳನ್ನು ಕೊಂದು ಹೋಗಿತ್ತು. ಆ ಮರಿಗಳನ್ನು ಮಾರಿ ಮಗಳ ಮದುವೆಯ ಸಾಲ ತೀರಿಸಬೇಕೆಂದಿದ್ದ ಯಜಮಾನರು ತಲೆಯ ಮೇಲೆ ಕೈಹೊತ್ತು ಕುಳಿತಿದ್ದರು. ಇದು ತೋಳದ್ದೇ ಕೆಲಸವೆಂದು ಸುತ್ತ ನಿಂತವರು ತೀರ್ಮಾನ ಮಾಡಿಯಾಗಿತ್ತು. ಅವರ ಮಗ ಮೊಬೈಲು ತೆಗೆದು ನನಗೊಂದು ಚಿತ್ರ ತೋರಿಸಿದ. ಅಮೆರಿಕದ ಯಾವುದೋ ಬಯಲು, ಕಗ್ಗತ್ತಲು, ಕೆಂಪು ದೀಪ, ದೂರದಲ್ಲಿ ಹೊಳೆಯುವ ಎರಡು ಕಣ್ಣು. ಒಂದೇ ಗುಂಡಿಗೆ ನರಿಯಂಥ ಪ್ರಾಣಿ ಉರುಳಿತು.

"ಸಾರ್, ಅವರು ಮಾಡಿದ್ದನ್ನ ನಾವ್ಯಾಕೆ ಮಾಡಬಾರದು?" ಎಂದ.

ಕುರಿ ಕಳೆದುಕೊಂಡವನ ಪ್ರಶ್ನೆ ಅದು, ಸುಮ್ಮನೆ ತಳ್ಳಿಹಾಕುವಂಥದ್ದಲ್ಲ. ಅರ್ಧ ಉತ್ತರವನ್ನು ಅಲ್ಲಿಯೇ ಹೇಳಿದೆ. ಉಳಿದರ್ಧವನ್ನು ಇಲ್ಲಿ ಬರೆಯುತ್ತಿದ್ದೇನೆ. ಕುರಿ ಸಾಕುವ ಬೇರೆ ಊರುಗಳ ರೈತ ಬಾಂಧವರಲ್ಲೂ ಇದೇ ಪ್ರಶ್ನೆ ಎದ್ದಿರಬಹುದು.

ಕಾಯೋಟಿ ಎಂಬ ಪ್ರಾಣಿ

ಚಿತ್ರದಲ್ಲಿ ಕಂಡದ್ದು ಕಾಯೋಟಿ. ತೋಳ, ನರಿ, ನಾಯಿಗಳ ಹತ್ತಿರದ ಸಂಬಂಧಿ. ನಮ್ಮ ನರಿಗಿಂತ ದೊಡ್ಡದು, ತೋಳಕ್ಕಿಂತ ಚಿಕ್ಕದು. ಸಾಮಾನ್ಯವಾಗಿ 10ರಿಂದ 20 ಕಿಲೋ ತೂಗುತ್ತದೆ. ಇಲಿ, ಮೊಲ, ಸತ್ತ ದನ, ಹಣ್ಣು, ಏನು ಸಿಕ್ಕಿದರೂ ಅದಕ್ಕೆ ಆಗುತ್ತದೆ. ಟೆಕ್ಸಾಸ್ ಪ್ರಾಂತದಲ್ಲಿ ಕಲ್ಲಂಗಡಿ ಬೆಳೆಯುವವರಿಗೂ ಅದರ ಕಾಟ ತಪ್ಪಿದ್ದಲ್ಲ. ನಮ್ಮಲ್ಲಿ ಮುಸುಕಿನ ಜೋಳದ ಹೊಲಕ್ಕೆ ನರಿ ಬಿದ್ದುದನ್ನು ಕಂಡವರಿಗೆ ಇದು ಹೊಸ ಸಂಗತಿಯಲ್ಲ. ಆದರೆ ಅಲ್ಲಿನ ಕುರಿಗಾರನಿಗೆ ದೊಡ್ಡ ಪೆಟ್ಟು ಬೀಳುವುದು ಮರಿಗಳ ಮೇಲೆ. 2014ರಲ್ಲಿ ಅಮೆರಿಕ ಸರ್ಕಾರದ ಕೃಷಿ ಇಲಾಖೆ ತೆಗೆದ ಲೆಕ್ಕದಂತೆ, ಕಾಡುಮೃಗ ಮತ್ತು ನಾಯಿಗಳ ಬಾಯಿಗೆ ಸಿಕ್ಕಿ ಸತ್ತ ಕುರಿಮರಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕಾಯೋಟಿಯ ಪಾಲಾಗಿದ್ದವು.

ಕತ್ತಲಲ್ಲಿ ಹೇಗೆ ಹೊಡೆಯುತ್ತಾರೆ?

ಬಂದೂಕಿಗಿಂತ ಈ ಬೇಟೆಗೆ ಹೆಚ್ಚು ಬೇಕಾದದ್ದು ಪ್ರಾಣಿಯ ಮೂಗು, ಕಿವಿ, ಕಣ್ಣುಗಳ ತಿಳಿವಳಿಕೆ. ಮೊದಲಿಗೆ ಗಾಳಿ. ಬೇಟೆಗಾರ ಜೀಪನ್ನು ದಿಬ್ಬದ ಮರೆಯಲ್ಲಿ ನಿಲ್ಲಿಸಿ, ಬಾಗಿಲು ಬಡಿಯದಂತೆ ಮುಚ್ಚಿ, ಗಾಳಿ ತನ್ನ ಮುಖಕ್ಕೆ ಅಥವಾ ಮಗ್ಗುಲಿಗೆ ಬೀಸುವ ಹಾಗೆ ಸ್ವಲ್ಪ ಎತ್ತರದ ಜಾಗದಲ್ಲಿ ಕೂರುತ್ತಾನೆ. ಮನುಷ್ಯರ ವಾಸನೆ ಬಡಿದರೆ ಕಾಯೋಟಿ ಮತ್ತೆ ಆ ಕಡೆ ತಲೆ ಹಾಕುವುದಿಲ್ಲ. ಅದು ನೇರವಾಗಿ ಬರುವುದೂ ಇಲ್ಲ. ಸದ್ದು ಎಲ್ಲಿಂದ ಬಂತೋ ಆ ಜಾಗವನ್ನು ಸುತ್ತು ಹಾಕಿ, ಗಾಳಿಯ ಇಳಿಮುಖಕ್ಕೆ ಬಂದು, ಮೂಸಿ ನೋಡಿದ ಮೇಲೆಯೇ ಹತ್ತಿರ ಬರುತ್ತದೆ. ಆದುದರಿಂದ ಜೊತೆಗಾರನೊಬ್ಬ ಆ ಇಳಿಮುಖದ ಕಡೆಗೇ ಕಣ್ಣಿಟ್ಟು ಕೂತಿರುತ್ತಾನೆ.

ಆಮೇಲೆ ಸದ್ದು. ಬಾಯಲ್ಲಿಟ್ಟು ಊದುವ ಸಣ್ಣ ಪೀಪಿಯಿಂದ, ಅಥವಾ ಬ್ಯಾಟರಿಯ ಧ್ವನಿಪೆಟ್ಟಿಗೆಯಿಂದ, ಸಿಕ್ಕಿಬಿದ್ದ ಮೊಲ ಕಿರುಚುವಂಥ ಸದ್ದು ಹೊರಡಿಸುತ್ತಾರೆ. ಮೊದಲು ಮೆಲ್ಲಗೆ, ಬಳಿಕ ಜೋರಾಗಿ. ಪೆಟ್ಟಿಗೆಯನ್ನು ತಾವು ಕೂತಲ್ಲಿ ಇಡದೆ ದೂರದಲ್ಲಿಡುತ್ತಾರೆ. ಆಗ ಪ್ರಾಣಿಯ ಗಮನ ಅತ್ತ ಹೋಗುತ್ತದೆ. ಜನವರಿ, ಫೆಬ್ರವರಿ ಅವುಗಳ ಬೆದೆಯ ಕಾಲ. ಆಗ ಕಾಯೋಟಿಯ ಕೂಗನ್ನೇ ಕೂಗಿ ಕರೆಯುವುದೂ ಉಂಟು. ಒಂದು ಜಾಗದಲ್ಲಿ ಹದಿನೈದು ಇಪ್ಪತ್ತು ನಿಮಿಷ ಕಾದು, ಏನೂ ಬಾರದಿದ್ದರೆ ಮೈಲಿ ದೂರದ ಇನ್ನೊಂದು ಜಾಗಕ್ಕೆ ಹೋಗುತ್ತಾರೆ. ರಾತ್ರಿಯೆಲ್ಲ ಇದೇ ಕೆಲಸ, ಅದೂ ಕೊರೆಯುವ ಚಳಿಯಲ್ಲಿ. ಬರಿಗೈಯಲ್ಲಿ ಮರಳುವ ರಾತ್ರಿಗಳನ್ನು ಯಾರೂ ಚಿತ್ರ ತೆಗೆದು ತೋರಿಸುವುದಿಲ್ಲ.

ಕೊನೆಯದು ದೀಪ. ನಾಯಿಜಾತಿಯ ಕಣ್ಣಿಗೆ ಕೆಂಪು ಬಣ್ಣ ಮಂಕಾಗಿ ಕಾಣುತ್ತದೆ. ಬಿಳಿ ಬೆಳಕಿಗೆ ಬೆದರುವಷ್ಟು ಕೆಂಪಿಗೆ ಬೆದರುವುದಿಲ್ಲ. ಬೆಳಕಿನ ನಡುಭಾಗವನ್ನು ಪ್ರಾಣಿಯ ಮೇಲೆ ಬಿಡದೆ, ಅಂಚಿನ ಮಸುಕು ಬೆಳಕಷ್ಟೇ ತಾಗುವಂತೆ ಮೆಲ್ಲಗೆ ತಿರುಗಿಸುತ್ತಾ ಹೋದರೆ ಕಣ್ಣುಗಳು ಕೆಂಡದಂತೆ ಮಿನುಗುತ್ತವೆ. ಈಗೀಗ ಮೈಯ ಬಿಸಿಯನ್ನೇ ಚಿತ್ರವಾಗಿ ತೋರಿಸುವ ದುರ್ಬೀನುಗಳೂ ಬಂದಿವೆ. ಆದರೆ ಹೊಳೆಯುವ ಕಣ್ಣೆಲ್ಲ ಕಾಯೋಟಿಯ ಕಣ್ಣಲ್ಲ. ಕರುವಿನ ಕಣ್ಣೂ ಹೊಳೆಯುತ್ತದೆ, ಪಕ್ಕದ ಮನೆಯ ನಾಯಿಯ ಕಣ್ಣೂ ಹೊಳೆಯುತ್ತದೆ. ಇಡೀ ಪ್ರಾಣಿ ಸ್ಪಷ್ಟವಾಗಿ ಕಂಡು, ಅದರ ಹಿಂದೆ ಮನೆಯಾಗಲಿ ರಸ್ತೆಯಾಗಲಿ ಇಲ್ಲವೆಂದು ಖಾತ್ರಿಯಾದ ಹೊರತು ಕುದುರೆ ಎಳೆಯಬಾರದೆಂದು ಅಲ್ಲಿನ ಅನುಭವಿಗಳು ಕಲಿಸುತ್ತಾರೆ. ರಾತ್ರಿ ಬೇಟೆಯ ಕಾನೂನು ಕೂಡ ಅಲ್ಲಿ ರಾಜ್ಯಕ್ಕೊಂದು ತೆರ. ಎಲ್ಲೆಡೆಯೂ ದೀಪ ಹಿಡಿದು ಹೊರಡುವಂತಿಲ್ಲ.

ಇಷ್ಟು ಹೊಡೆದರೂ ಕಡಿಮೆಯಾಯಿತೆ?

ಆಗಲಿಲ್ಲ. ನಮ್ಮ ರೈತರು ಗಮನಿಸಬೇಕಾದ ಮಾತು ಇದು. ಅಮೆರಿಕದಲ್ಲಿ 1931ರಲ್ಲೇ ಇದಕ್ಕೊಂದು ಕಾಯ್ದೆ ಮಾಡಿ ಸರ್ಕಾರವೇ ಆಳುಗಳನ್ನಿಟ್ಟು ಕೊಲ್ಲಿಸುತ್ತಾ ಬಂದಿದೆ. ಉರುಳು, ವಿಷ, ವಿಮಾನದಿಂದ ಗುಂಡು, ಎಲ್ಲವೂ ಆಯಿತು. ವಿಷವಿಟ್ಟ ಮಾಂಸದಿಂದ ಬೇರೆ ಪ್ರಾಣಿ ಪಕ್ಷಿಗಳೂ ಸಾಯತೊಡಗಿ, 1972ರಲ್ಲಿ ಅಧ್ಯಕ್ಷ ನಿಕ್ಸನ್ ಸರ್ಕಾರಿ ಭೂಮಿಗಳಲ್ಲಿ ಆ ಪದ್ಧತಿಯನ್ನು ತಡೆದರು. ಈಗಲೂ ಅಲ್ಲಿನ ಕೃಷಿ ಇಲಾಖೆಯ ಸಿಬ್ಬಂದಿ ವರ್ಷಕ್ಕೆ 50 ಸಾವಿರಕ್ಕೂ ಹೆಚ್ಚು ಕಾಯೋಟಿಗಳನ್ನು ಕೊಲ್ಲುತ್ತಾರೆ. ಖಾಸಗಿಯವರು ಹೊಡೆಯುವುದು ಬೇರೆ. ಆದರೂ ಹಿಂದೆ ಪಶ್ಚಿಮದ ಬಯಲುಸೀಮೆಯಲ್ಲಿದ್ದ ಪ್ರಾಣಿ ಇಂದು ಪೂರ್ವದ ಸಮುದ್ರತೀರದವರೆಗೆ ಹಬ್ಬಿದೆ. 1980ರ ದಶಕದ ಹೊತ್ತಿಗೆ ದಕ್ಷಿಣದಲ್ಲಿ ಪನಾಮಾ ದೇಶವನ್ನೂ ಮುಟ್ಟಿತ್ತು.

ಕ್ಯಾಲಿಫೋರ್ನಿಯಾದ ವಿಜ್ಞಾನಿಗಳು 1975ರಲ್ಲಿ ಹಾಕಿದ ಒಂದು ಲೆಕ್ಕ ಪ್ರಸಿದ್ಧವಾಗಿದೆ. ಪ್ರತಿ ವರ್ಷವೂ ನೂರರಲ್ಲಿ 75 ಕಾಯೋಟಿಗಳನ್ನು ಕೊಲ್ಲುತ್ತಾ ಹೋದರೂ ಅವು ನಿರ್ಮೂಲವಾಗಲು ಐವತ್ತು ವರ್ಷ ಬೇಕಂತೆ! ಉಳಿದವಕ್ಕೆ ಮೇವು ಹೆಚ್ಚು ಸಿಗುತ್ತದೆ, ಹೆಚ್ಚು ಮರಿ ಬದುಕುತ್ತವೆ. ಖಾಲಿಯಾದ ಜಾಗಕ್ಕೆ ಪಕ್ಕದವು ಬಂದು ಸೇರುತ್ತವೆ. ಅದೇ ರಾಜ್ಯದ ಹಾಪ್‌ಲ್ಯಾಂಡ್ ಕುರಿ ಸಂಶೋಧನಾ ಕೇಂದ್ರದಲ್ಲಿ 1990ರ ದಶಕದಲ್ಲಿ ಕಾಯೋಟಿಗಳ ಕೊರಳಿಗೆ ರೇಡಿಯೋ ಕಟ್ಟಿ ನೋಡಿದಾಗ, ಕುರಿ ಕೊಲ್ಲುತ್ತಿದ್ದವು ಹೆಚ್ಚಾಗಿ ಆ ಜಾಗದಲ್ಲಿ ನೆಲೆಯೂರಿ ಮರಿ ಹಾಕುವ ಜೋಡಿಗಳು ಎಂದು ತಿಳಿಯಿತು. ಅವು ಪಳಗಿದ ಕಳ್ಳರು, ಸುಲಭಕ್ಕೆ ಉರುಳಿಗೆ ಬೀಳುವುದಿಲ್ಲ. ಬೀಳುವವು ಹೆಚ್ಚಾಗಿ ಎಳೆಯವು. ಅಂದರೆ ಸತ್ತದ್ದು ಒಂದು, ಕುರಿ ತಿಂದದ್ದು ಇನ್ನೊಂದು.

ನಮ್ಮಲ್ಲಿ ಇದಕ್ಕೆ ಕಾನೂನಿನ ಮಾತೂ ಸೇರುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೆಯ ಅನುಸೂಚಿಯಲ್ಲಿ ತೋಳವಿದೆ. 2022ರ ತಿದ್ದುಪಡಿಯಲ್ಲಿ ನರಿಯೂ ಅದಕ್ಕೆ ಸೇರಿದೆ. ಬಂದೂಕು, ಉರುಳು, ವಿಷ, ಗುಹೆಗೆ ಹೊಗೆ ಹಾಕಿ ಮರಿ ಕೊಲ್ಲುವುದು, ಎಲ್ಲವೂ ಅಪರಾಧ. ಶಿಕ್ಷೆ ಮೂರು ವರ್ಷಕ್ಕೆ ಕಡಿಮೆಯಿಲ್ಲದ ಸೆರೆ. ಏಳು ಮರಿ ಹೋದ ಸಿಟ್ಟಿಗೆ ಮನೆಯ ದುಡಿಯುವ ಮಗ ಜೈಲಿಗೆ ಹೋದರೆ ಮಂದೆಯನ್ನು ಕಾಯುವವರು ಯಾರು?

ಕೊಂದವರು ಯಾರೆಂದು ಮೊದಲು ನೋಡಿ

ಹಟ್ಟಿಯಲ್ಲಿ ನಾನು ಕೊಟ್ಟ ಅರ್ಧ ಉತ್ತರ ಇದು. "ಯಜಮಾನ್ರೇ, ಮರಿಗಳನ್ನು ಹೂಳುವ ಮೊದಲು ಒಮ್ಮೆ ನೋಡೋಣ" ಎಂದು ಕೇಳಿ, ಸತ್ತ ಮರಿಗಳನ್ನು ಸಾಲಾಗಿ ಮಲಗಿಸಿದೆವು. ಕಾಯೋಟಿಯಾಗಲಿ ತೋಳವಾಗಲಿ ಹೊಟ್ಟೆಪಾಡಿಗೆ ಕೊಲ್ಲುವ ಪ್ರಾಣಿ. ಸಾಮಾನ್ಯವಾಗಿ ಗಂಟಲನ್ನು, ದವಡೆಯ ಕೆಳಗೆ, ಬಲವಾಗಿ ಕಚ್ಚಿ ಹಿಡಿಯುತ್ತದೆ. ಮರಿಯಾದರೆ ಹೊತ್ತೊಯ್ಯುತ್ತದೆ, ಇಲ್ಲವೆ ಹೊಟ್ಟೆಯ ಪಕ್ಕದಿಂದ ತಿನ್ನಲು ತೊಡಗುತ್ತದೆ. ನಾಯಿಯ ಕೆಲಸ ಹಾಗಲ್ಲ. ಬೆನ್ನಟ್ಟಿ ಹಿಂಗಾಲು, ತೊಡೆ, ಕಿವಿ, ಬಾಲ, ಸಿಕ್ಕಲ್ಲಿ ಹರಿಯುತ್ತದೆ. ಹಲವನ್ನು ಗಾಯ ಮಾಡುತ್ತದೆ, ತಿನ್ನುವುದು ಕಡಿಮೆ.

ಅನುಮಾನವಿದ್ದರೆ ಕಚ್ಚಿದ ಕಡೆ ಚರ್ಮ ಬಿಡಿಸಿ ನೋಡಬೇಕು. ಒಳಗೆ ರಕ್ತ ಹೆಪ್ಪುಗಟ್ಟಿದ್ದರೆ ಜೀವವಿದ್ದಾಗ ಕಚ್ಚಿದ್ದು. ರಕ್ತದ ಕಲೆಯೇ ಇಲ್ಲದಿದ್ದರೆ ಮರಿ ಬೇರೆ ರೋಗದಿಂದ ಸತ್ತು, ಆಮೇಲೆ ಪ್ರಾಣಿ ಬಾಯಿ ಹಾಕಿದೆ ಎಂದರ್ಥ.

ಏಳರಲ್ಲಿ ಒಂದರ ಗಂಟಲಿಗೂ ಕಚ್ಚಿದ ಗುರುತಿರಲಿಲ್ಲ. ಹಿಂಗಾಲುಗಳು ಚಿಂದಿಯಾಗಿದ್ದವು, ಕಿವಿಗಳು ಹರಿದಿದ್ದವು, ಒಂದನ್ನೂ ಹೊತ್ತೊಯ್ದಿರಲಿಲ್ಲ. ಬೇಲಿಯಾಚೆ ಮೆತ್ತನೆ ಮಣ್ಣಿನಲ್ಲಿ ನಾಲ್ಕಾರು ಅಳತೆಯ ಹೆಜ್ಜೆಗಳು. ಅರ್ಧ ಮೈಲಿ ದೂರದ ರಸ್ತೆ ಬದಿಯಲ್ಲಿ ಕೋಳಿ ಅಂಗಡಿಯ ಕಸ ಸುರಿಯುವ ಗುಂಡಿಯಿತ್ತು. ಅಲ್ಲಿ ಬೆಳೆದ ಬೀದಿನಾಯಿಗಳ ಕೆಲಸ ಅದು. ಯಜಮಾನರ ಮಗನ ಕೈಯಲ್ಲಿ ಆ ರಾತ್ರಿ ಬಂದೂಕು ಇದ್ದಿದ್ದರೆ ಗುಡ್ಡದ ತೋಳವೊಂದು ಸಾಯುತ್ತಿತ್ತು, ನಾಯಿಗಳು ಮರುದಿನವೂ ಬರುತ್ತಿದ್ದವು.

ಕಾಡುಪ್ರಾಣಿಯೇ ಕೊಂದದ್ದಾದರೆ ಹೆಣವನ್ನು ಅಲ್ಲಿಂದ ಸರಿಸದೆ, ಫೋಟೋ ತೆಗೆದು, ಅದೇ ದಿನ ಅರಣ್ಯ ಇಲಾಖೆಗೂ ಪಶುವೈದ್ಯರಿಗೂ ತಿಳಿಸಬೇಕು. ಇಲಾಖೆಯ ಪರಿಹಾರಕ್ಕೆ ಪಶುವೈದ್ಯರ ವರದಿ ಆಧಾರವಾಗುತ್ತದೆ.

ಬೇಟೆಗಾರನ ವಿದ್ಯೆ ಕಾವಲಿಗೆ

ಮೂಗು, ಕಿವಿ, ಕಣ್ಣು ಎಂದೆನಲ್ಲ, ಅದೇ ತಿಳಿವಳಿಕೆ ರೊಪ್ಪ ಕಾಯುವುದಕ್ಕೂ ಬರುತ್ತದೆ. ಪ್ರಾಣಿ ಗಾಳಿಯ ಇಳಿಮುಖದಿಂದ ಮೂಸುತ್ತಾ ಬರುವುದಾದರೆ ಕಾವಲುಗಾರನ ಹಾಸಿಗೆಯೂ ನಾಯಿಯೂ ಆ ಮಗ್ಗುಲಿಗೇ ಇರಬೇಕು. ನಮ್ಮವರು ಬೆಚ್ಚಗಿರಲೆಂದು ಗಾಳಿಮರೆಗೆ ಮಲಗುತ್ತಾರೆ. ಅದು ಎಷ್ಟೋ ಸಲ ಸರಿಯಾದ ಜಾಗವೇ ಆಗಿರುತ್ತದೆ. ಆದರೆ ಗಾಳಿ ತಿರುಗಿದ ರಾತ್ರಿ ಹಾಸಿಗೆಯನ್ನೂ ತಿರುಗಿಸಬೇಕಾಗುತ್ತದೆ. ದೀಪ, ರೇಡಿಯೋ, ತಗಡಿನ ಸದ್ದು ಕೆಲವು ದಿನ ಹೆದರಿಸುತ್ತವೆ. ದಿನವೂ ಅದೇ ಜಾಗದಲ್ಲಿದ್ದರೆ ಪ್ರಾಣಿ ಅದಕ್ಕೆ ಒಗ್ಗಿಹೋಗುತ್ತದೆ. ಆದ್ದರಿಂದ ಜಾಗ ಬದಲಿಸುತ್ತಿರಬೇಕು, ಮರಿ ಹಾಕುವ ವಾರಗಳಿಗೆಂದು ಕಾದಿರಿಸಿಕೊಂಡರೆ ಇನ್ನೂ ಒಳ್ಳೆಯದು. ಬೇಲಿ ಆಳೆತ್ತರವಿದ್ದರೆ ಸಾಲದು. ಈ ಪ್ರಾಣಿಗಳು ಹಾರುವುದಕ್ಕಿಂತ ಹೆಚ್ಚಾಗಿ ಕೆಳಗೆ ಕೆರೆದು ನುಸುಳುತ್ತವೆ. ತಂತಿಬಲೆಯ ಬುಡವನ್ನು ಒಂದೂವರೆ ಅಡಿಯಷ್ಟು ಹೊರಕ್ಕೆ ಮಡಿಸಿ ಅದರ ಮೇಲೆ ಕಲ್ಲು ಹೇರಿದರೆ ಕೆರೆಯಲು ಬರುವುದಿಲ್ಲ. ತಂತಿಬಲೆಗೆ ಹಣವಿಲ್ಲದವರು ಜಾಲಿ ಮುಳ್ಳಿನ ಬುಡವನ್ನು ಒಳಕ್ಕೆ ಮಾಡಿ, ಸಂದಿಗಳಿಗೆ ಕಲ್ಲು ತುಂಬಬಹುದು.

ಎಲ್ಲಕ್ಕಿಂತ ಮುಖ್ಯ ನಾಯಿ. ಅಮೆರಿಕದ ಕುರಿಗಾರರು 1970ರ ದಶಕದಿಂದೀಚೆಗೆ ಟರ್ಕಿ, ಹಂಗೇರಿ, ಪಿರನೀಸ್ ಬೆಟ್ಟಗಳ ಕಾವಲು ನಾಯಿಗಳನ್ನು ತರಿಸಿ ಸಾಕಿದರು. ನಮಗೆ ಹೊರದೇಶದ ತಳಿ ಬೇಡ, ಸಾಕುವ ಕ್ರಮ ಸಾಕು. ಮುಧೋಳ ನಾಯಿ ಕಣ್ಣಿಗೆ ಕಂಡದ್ದನ್ನು ಅಟ್ಟಿ ಓಡುವ ಜಾತಿ. ಓಡಿಹೋದ ನಾಯಿಯಿಂದ ಮಂದೆಗೆ ಕಾವಲಿಲ್ಲ. ಹಟ್ಟಿಯ ಗಟ್ಟಿಮುಟ್ಟಾದ ನಾಟಿ ತಳಿಯಲ್ಲಿ ಎರಡು ತಿಂಗಳ ಮರಿಯನ್ನು ಆರಿಸಿ, ಕುರಿಮರಿಗಳ ಜೊತೆಗೇ ಕಟ್ಟಿ, ಅಲ್ಲೇ ಅನ್ನ ಹಾಕಿ ಬೆಳೆಸಬೇಕು. ಮನೆಗೆ ಕರೆದು ಮುದ್ದು ಮಾಡಬಾರದು. ಕುರಿಯೇ ತನ್ನ ಬಳಗವೆಂದು ಅದಕ್ಕೆ ಮನಸ್ಸಿಗೆ ಹತ್ತುವುದು ಮೊದಲ ನಾಲ್ಕು ತಿಂಗಳಲ್ಲಿ. ಪೂರ್ತಿ ಕಾವಲಿಗೆ ಬರಲು ಎರಡು ವರ್ಷ ಹಿಡಿಯುತ್ತದೆ. ಎಳೆತನದಲ್ಲಿ ಆಟಕ್ಕೆಂದು ಮರಿಗಳನ್ನು ಅಟ್ಟಿದರೆ ಗದರಿಸಿ ಬಿಡಿಸಬೇಕು. ಹುಚ್ಚುನಾಯಿ ರೋಗದ ಚುಚ್ಚುಮದ್ದು, ಜಂತುಹುಳದ ಔಷಧ ತಪ್ಪಬಾರದು. ಸತ್ತ ಕುರಿಯ ತಲೆಯನ್ನು ನಾಯಿಗೆ ಎಸೆಯುವ ರೂಢಿ ಬಹಳ ಕಡೆ ಇದೆ. ಕುರಿ ತಲೆ ಓರೆ ಮಾಡಿಕೊಂಡು ಸುತ್ತುವ ರೋಗದ ಹುಳು ಆ ಮಿದುಳಿನಿಂದಲೇ ನಾಯಿಯ ಹೊಟ್ಟೆ ಸೇರಿ, ಅಲ್ಲಿಂದ ಮೇವಿಗೆ, ಮತ್ತೆ ಕುರಿಗೆ ಬರುವುದು. ಸತ್ತದ್ದನ್ನು ಆಳವಾಗಿ ಹೂಳಬೇಕು. ಹೂತರೆ ಬೀದಿನಾಯಿ, ನರಿಗಳಿಗೆ ಮಂದೆಯ ದಾರಿಯೂ ರೂಢಿಯಾಗುವುದಿಲ್ಲ.

ಆ ಹಟ್ಟಿಯವರು ಗ್ರಾಮ ಪಂಚಾಯಿತಿಗೆ ಎರಡು ಬಾರಿ ಅರ್ಜಿ ಕೊಟ್ಟ ಮೇಲೆ ಕೋಳಿ ಕಸದ ಗುಂಡಿ ಮುಚ್ಚಿತು. ರೊಪ್ಪದ ಬೇಲಿಯ ಬುಡಕ್ಕೆ ಕಲ್ಲು ಬಿದ್ದಿದೆ. ಮೊನ್ನೆ ಹೋದಾಗ ಕರಿ ಬಣ್ಣದ ಎಳೆಯ ನಾಯಿಯೊಂದು ಮರಿಗಳ ನಡುವೆ ಮಲಗಿತ್ತು. ನನ್ನನ್ನು ಕಂಡು ಎದ್ದು ಬೊಗಳಿತೇ ಹೊರತು ಮಂದೆ ಬಿಟ್ಟು ಬರಲಿಲ್ಲ. ಮೊಬೈಲು ತೋರಿಸಿದ್ದ ಹುಡುಗ, ಮೊದಲ ತಿಂಗಳಲ್ಲಿ ಅದು ಎರಡು ಮರಿಗಳ ಕಿವಿ ಕಚ್ಚಿತ್ತೆಂದೂ, ಈಗ ಬಿಟ್ಟಿದೆಯೆಂದೂ ಹೇಳಿದ. ಅದಕ್ಕಿನ್ನೂ ಎಂಟು ತಿಂಗಳು.