ದಿಂಬಂ ತಿರುವಿನಲ್ಲಿ ಗಾಡಿ ಕೈಕೊಟ್ಟರೆ: ಮೊದಲು ಕೋಡ್ ಕೇಳಿ, ಆಮೇಲೆ ಕಾಸು ಬಿಚ್ಚಿ

ದಿಂಬಂ: ಬಣ್ಣಾರಿ ಅಮ್ಮನಿಗೆ ಕೈಮುಗಿದು ಘಾಟಿ ಹತ್ತಲು ಶುರು ಮಾಡಿದರೆ ಮುಂದೆ ಕಾದಿರುವುದು 27 ಹೇರ್‌ಪಿನ್ ತಿರುವು. ತಮಿಳಿನವರು ಇವನ್ನು ‘ಕೊಂಡೈ ಊಸಿ ವಳೈವು’ ಅನ್ನುತ್ತಾರೆ. ನಮ್ಮವರ ಬಾಯಲ್ಲಿ ಬರೀ ‘ಬೆಂಡು’. ಹೆಸರು ಯಾವುದಾದರೇನು, ಸತ್ಯಮಂಗಲ-ಚಾಮರಾಜನಗರ ರಸ್ತೆಯ ಈ ತಿರುವುಗಳಲ್ಲಿ ಒಂದು ಗಾಡಿ ಕೆಟ್ಟು ನಿಂತರೆ ಅದು ಆ ಒಬ್ಬನ ಕಷ್ಟವಾಗಿ ಉಳಿಯುವುದಿಲ್ಲ. ಮೇಲೂ ಕೆಳಗೂ ವಾಹನಗಳು ಸಾಲುಗಟ್ಟುತ್ತವೆ. ಸುತ್ತ ಇರುವುದು 2013ರಲ್ಲಿ ಹುಲಿ ರಕ್ಷಿತಾರಣ್ಯವೆಂದು ಘೋಷಣೆಯಾದ ಕಾಡು. ಇಳಿದು ಅತ್ತಿತ್ತ ಓಡಾಡೋಣ ಅಂದರೆ ಆನೆಯ ಭಯ.

ತಾಳವಾಡಿ ಸೀಮೆಯ ರೈತನಿಗೆ ಇದು ಹೊಟ್ಟೆಪಾಡಿನ ರಸ್ತೆ. ಕೋಸು, ಟೊಮೆಟೊ, ಬೀಟ್‌ರೂಟು, ಆಲೂಗಡ್ಡೆ ಸತ್ಯಮಂಗಲ, ಮೇಟ್ಟುಪಾಳಯಂ, ಕೊಯಮತ್ತೂರಿನ ಕಡೆಗೆ ಇಳಿಯುವುದು ಇಲ್ಲಿಂದಲೇ. ಬರುವಾಗ ಗೊಬ್ಬರ, ಸಿಮೆಂಟು, ದಿನಸಿ ಹೇರಿಕೊಂಡು ಹತ್ತುವುದೂ ಇಲ್ಲಿಂದಲೇ. 2022ರ ಫೆಬ್ರವರಿಯಲ್ಲಿ ಮದ್ರಾಸ್ ಹೈಕೋರ್ಟಿನ ಆದೇಶದ ಮೇರೆಗೆ ಈ ಘಾಟಿಯ ರಾತ್ರಿ ಸಂಚಾರಕ್ಕೆ ಕಡಿವಾಣ ಬಿದ್ದ ಮೇಲಂತೂ ಹೊತ್ತಿಗೆ ಬೆಲೆ ಹೆಚ್ಚಾಯಿತು. ಅಂಥಾದ್ದರಲ್ಲಿ ಡ್ಯಾಷ್‌ಬೋರ್ಡಿನಲ್ಲಿ ಹಳದಿ ದೀಪವೊಂದು ಹತ್ತಿಕೊಂಡು, ಗಾಡಿ ಎಳೆಯದೆ ಮೊಂಡು ಹಿಡಿದರೆ ಏನು ಮಾಡಬೇಕು?

ಗಾಡಿಯೊಳಗೊಬ್ಬ ಕರಣಿಕ

ಹಿಂದೆ ಕಾರ್ಬೊರೇಟರ್ ಕಾಲದಲ್ಲಿ ಮೆಕ್ಯಾನಿಕ್ಕಿನ ಕಿವಿಯೇ ಕಂಪ್ಯೂಟರ್. ಬಾನೆಟ್ ಎತ್ತಿ, ಆಕ್ಸಿಲರೇಟರ್ ಎರಡು ಸಲ ಎಳೆದು, ‘ಪ್ಲಗ್ ಹೋಗದೆ’ ಅಂತ ಹೇಳಿಬಿಡುತ್ತಿದ್ದ. ಹತ್ತರಲ್ಲಿ ಎಂಟು ಸಲ ಅವನ ಮಾತು ಸರಿಯೇ ಇರುತ್ತಿತ್ತು. ಈಗಿನ ಎಂಜಿನ್ನಿನಲ್ಲಿ ಡೀಸೆಲ್ ಎಷ್ಟು ಸಿಡಿಯಬೇಕು, ಯಾವ ಗಳಿಗೆಯಲ್ಲಿ ಸಿಡಿಯಬೇಕು, ಗಾಳಿ ಎಷ್ಟು ಬೇಕು ಎಂಬುದನ್ನೆಲ್ಲ ತೀರ್ಮಾನಿಸುವುದು ‘ಇಸಿಯು’ ಎಂಬ ಸಣ್ಣ ಪೆಟ್ಟಿಗೆ. ನೀರಿನ ಬಿಸಿ, ಗಾಳಿಯ ಒತ್ತಡ, ಡೀಸೆಲ್‌ನ ಒತ್ತಡ, ಹೊಗೆಯ ಶಾಖ ಇವನ್ನೆಲ್ಲ ಸೆನ್ಸರುಗಳು ಕ್ಷಣಕ್ಷಣಕ್ಕೂ ಅದಕ್ಕೆ ವರದಿ ಮಾಡುತ್ತಿರುತ್ತವೆ. ಯಾವುದಾದರೂ ಲೆಕ್ಕ ತಪ್ಪಿತೋ, ಪೆಟ್ಟಿಗೆ ಅದನ್ನೊಂದು ಕೋಡ್ ಆಗಿ ಬರೆದಿಟ್ಟು ದೀಪ ಹಚ್ಚುತ್ತದೆ. ಎಂಜಿನ್ನಿಗೆ ಅಪಾಯ ಅನ್ನಿಸಿದರೆ ಶಕ್ತಿಯನ್ನೂ ತಗ್ಗಿಸುತ್ತದೆ. ‘ಗಾಡಿ ಎಳೀತಾನೇ ಇಲ್ಲ ಕಣಣ್ಣ’ ಎಂದು ಡ್ರೈವರ್ ಗೋಳಾಡುವುದು ಆಗಲೇ.

ಈ ಏರ್ಪಾಡು ಹುಟ್ಟಿದ್ದು ಹೊಗೆಯ ಕಾರಣಕ್ಕೆ. ಅಮೆರಿಕದಲ್ಲಿ 1996ರಿಂದ ಮಾರಾಟವಾಗುವ ಪ್ರತಿ ಹೊಸ ಕಾರಿಗೂ ಒಂದೇ ಬಗೆಯ ತಪಾಸಣೆ ವ್ಯವಸ್ಥೆ ಕಡ್ಡಾಯವಾಯಿತು. ಅದೇ ಓಬಿಡಿ-2. ನಮ್ಮಲ್ಲಿ ಬಿಎಸ್-4 ಗಾಡಿಗಳಲ್ಲಿ ಬೇರೂರಿ, 2020ರ ಏಪ್ರಿಲ್ 1ರಂದು ಬಿಎಸ್-6 ಜಾರಿಯಾದ ಮೇಲೆ ಸಣ್ಣ ಪಿಕಪ್ಪಿನಿಂದ ದೊಡ್ಡ ಲಾರಿಯವರೆಗೆ ಕಂಪ್ಯೂಟರ್ ಇಲ್ಲದೆ ರಿಪೇರಿಯೇ ಇಲ್ಲ ಎಂಬಂತಾಯಿತು. ಟ್ರ್ಯಾಕ್ಟರೂ ಹಿಂದೆ ಬಿದ್ದಿಲ್ಲ. 2023ರ ಜನವರಿಯಿಂದ 50 ಅಶ್ವಶಕ್ತಿಗೂ ಮೇಲ್ಪಟ್ಟ ಹೊಸ ಟ್ರ್ಯಾಕ್ಟರುಗಳಿಗೆ ಕಟ್ಟುನಿಟ್ಟಿನ ಹೊಗೆ ನಿಯಮ ಬಂದಿದೆ.

ಸ್ಟಿಯರಿಂಗಿನ ಕೆಳಗೆ, ಡ್ರೈವರನ ಮೊಣಕಾಲಿನ ಆಸುಪಾಸಿನಲ್ಲಿ 16 ಪಿನ್ನಿನ ಸಾಕೆಟ್ ಒಂದಿರುತ್ತದೆ. ಅದಕ್ಕೆ ಸ್ಕ್ಯಾನರ್ ಚುಚ್ಚಿದರೆ ಪೆಟ್ಟಿಗೆ ಬರೆದಿಟ್ಟದ್ದೆಲ್ಲ ಹೊರಬರುತ್ತದೆ.

ಒಂಬತ್ತನೇ ಬೆಂಡಿನ ಕಥೆ

ಹೀಗೊಂದು ಸಂದರ್ಭ ಇಟ್ಟುಕೊಳ್ಳಿ. ತಾಳವಾಡಿಯ ರೈತರೊಬ್ಬರು ಟೊಮೆಟೊ ಇಳಿಸಿ, ಸತ್ಯಮಂಗಲದಲ್ಲಿ ಗೊಬ್ಬರದ ಮೂಟೆ ಹೇರಿಕೊಂಡು ಹೊರಟಿದ್ದಾರೆ. ಬಣ್ಣಾರಿಯವರೆಗೆ ಗಾಡಿ ಕುದುರೆ. ಒಂಬತ್ತನೇ ಬೆಂಡಿಗೆ ಬರುತ್ತಿದ್ದಂತೆ ಹಳದಿ ದೀಪ, ಎಳೆತ ಖಲಾಸ್. ಆಫ್ ಮಾಡಿ ಐದು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿದರೆ ಮತ್ತೆ ಎಳೆಯುತ್ತದೆ. ಮುಂದಿನ ಏರಿಗೆ ಮತ್ತದೇ ರಾಗ. ಹೇಗೋ ಊರು ಸೇರಿ ಗ್ಯಾರೇಜಿಗೆ ಒಯ್ದರೆ, ಅಲ್ಲಿ ಸಪಾಟು ರಸ್ತೆಯಲ್ಲಿ ಓಡಿಸಿ ನೋಡಿ, ‘ಏನೂ ಇಲ್ವಲ್ಲಣ್ಣ, ಚೆನ್ನಾಗೇ ಅದೆ’ ಅನ್ನುತ್ತಾರೆ. ಡೀಸೆಲ್ ಫಿಲ್ಟರ್ ಬದಲಾಯಿತು, ಇಂಜೆಕ್ಟರ್ ತೊಳೆಸಿದ್ದಾಯಿತು. ಮುಂದಿನ ವಾರ ಅದೇ ಒಂಬತ್ತನೇ ಬೆಂಡು, ಅದೇ ದೀಪ.

ಈಗ ಸ್ಕ್ಯಾನರ್ ಹಾಕಿದರೆ ‘ಪಿ0299’ ಎಂಬ ಕೋಡ್ ಸಿಗುತ್ತದೆ ಎನ್ನೋಣ. ಟರ್ಬೋದಿಂದ ಬರಬೇಕಾದಷ್ಟು ಗಾಳಿಯ ಒತ್ತಡ ಬರುತ್ತಿಲ್ಲ ಎಂಬುದು ಅದರ ಅರ್ಥ. ಟರ್ಬೋ ಅಂದರೆ ಹೊಗೆಯ ರಭಸಕ್ಕೆ ತಿರುಗಿ ಎಂಜಿನ್ನಿಗೆ ಗಾಳಿ ತುಂಬುವ ಚಕ್ರ. ‘ಹಾಗಾದ್ರೆ ಟರ್ಬೋ ಬದಲಾಯಿಸಿ’ ಎಂದು ಅವಸರಪಟ್ಟರೆ ಹತ್ತಾರು ಸಾವಿರಕ್ಕೆ ಕತ್ತರಿ. ಆದರೆ ಕೋಡ್ ಹೇಳಿದ್ದು ಗಾಳಿ ಸಾಲುತ್ತಿಲ್ಲ ಎಂದಷ್ಟೇ. ಟರ್ಬೋ ಕೆಟ್ಟಿದೆ ಎಂದು ಅದು ಹೇಳಿಲ್ಲ.

ಬಲ್ಲ ಮೆಕ್ಯಾನಿಕ್ಕು ಎರಡನೇ ಹೆಜ್ಜೆ ಇಡುತ್ತಾನೆ. ದೀಪ ಹತ್ತಿದ ಆ ಕ್ಷಣದಲ್ಲಿ ಗಾಡಿಯ ವೇಗ ಎಷ್ಟಿತ್ತು, ಎಂಜಿನ್ ಎಷ್ಟು ಸುತ್ತು ತಿರುಗುತ್ತಿತ್ತು, ಎಷ್ಟು ಭಾರ ಎಳೆಯುತ್ತಿತ್ತು, ನೀರು ಎಷ್ಟು ಬಿಸಿಯಿತ್ತು ಎಂಬುದನ್ನೂ ಪೆಟ್ಟಿಗೆ ಫೋಟೋ ಹಿಡಿದಂತೆ ಇಟ್ಟಿರುತ್ತದೆ. ಇದಕ್ಕೆ ‘ಫ್ರೀಜ್ ಫ್ರೇಮ್’ ಎಂದು ಹೆಸರು. ಅದನ್ನು ನೋಡಿದರೆ ವೇಗ ಕಡಿಮೆ, ಭಾರ ಪೂರ್ತಿ, ನೀರಿನ ಬಿಸಿ ಮಾಮೂಲು. ಅಂದರೆ ತೊಂದರೆ ಬರುವುದು ಏರಿನಲ್ಲಿ, ಟರ್ಬೋ ಜೋರಾಗಿ ಊದುವಾಗ ಮಾತ್ರ. ಆ ಜಾಡು ಹಿಡಿದು ಟರ್ಬೋದಿಂದ ಇಂಟರ್‌ಕೂಲರಿಗೆ ಹೋಗುವ ರಬ್ಬರ್ ಪೈಪನ್ನು ತಡವಿದರೆ, ಕ್ಲಿಪ್ಪಿನ ಬುಡದಲ್ಲಿ ಎಣ್ಣೆಯ ಜಿಡ್ಡು, ಒಂದು ಸೀಳು. ಸಪಾಟಿನಲ್ಲಿ ಒತ್ತಡ ಕಡಿಮೆ, ಸೀಳು ಮುಚ್ಚಿಕೊಂಡಿರುತ್ತದೆ. ಘಾಟಿಯಲ್ಲಿ ಒತ್ತಡ ಏರಿದಾಗ ಬಾಯಿ ಬಿಟ್ಟು ಗಾಳಿ ಸೋರುತ್ತದೆ. ಟರ್ಬೋ ಗಟ್ಟಿಮುಟ್ಟಾಗಿದೆ, ಹೋಗಿದ್ದು ಪೈಪು.

ಕೋಡ್ ಎಂಬುದು ಪೊಲೀಸ್ ಠಾಣೆಗೆ ಬಂದ ದೂರಿದ್ದಂತೆ, ಕೋರ್ಟಿನ ತೀರ್ಪಲ್ಲ. ದೂರು ಬಂದ ಮೇಲೆ ವಿಚಾರಣೆ ಆಗಬೇಕು. ವಿಚಾರಣೆ ಇಲ್ಲದೆ ಶಿಕ್ಷೆ ಕೊಟ್ಟರೆ ದಂಡ ಕಟ್ಟುವವನು ಗಾಡಿ ಮಾಲೀಕ.

ಸಾಕ್ಷಿ ಅಳಿಸಬೇಡಿ

ಕೆಲವರಿಗೊಂದು ಕೆಟ್ಟ ಅಭ್ಯಾಸ. ದೀಪ ಹತ್ತಿತೋ, ಬ್ಯಾಟರಿ ವಯರು ಕಿತ್ತು ಹಾಕುವುದು. ಇಲ್ಲವೆ ಸ್ಕ್ಯಾನರ್ ಚುಚ್ಚಿ ಮೊದಲು ‘ಕ್ಲಿಯರ್’ ಒತ್ತುವುದು. ದೀಪವೇನೋ ಆರುತ್ತದೆ. ಜೊತೆಗೆ ಒಂಬತ್ತನೇ ಬೆಂಡಿನಲ್ಲಿ ನಡೆದದ್ದರ ಸಾಕ್ಷಿಯೂ ಹೋಗುತ್ತದೆ. ಜ್ವರದವನ ಥರ್ಮಾಮೀಟರ್ ಒಡೆದರೆ ಜ್ವರ ಬಿಡುತ್ತದೆಯೆ? ಏನನ್ನೂ ಅಳಿಸುವ ಮೊದಲು ಸ್ಕ್ಯಾನರ್ ಪರದೆಯನ್ನು ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ, ಕೋಡಿನದ್ದೂ, ಫ್ರೀಜ್ ಫ್ರೇಮಿನದ್ದೂ.

ಮೊಬೈಲಿಗೆ ಬ್ಲೂಟೂತಿನಲ್ಲಿ ಜೋಡಿಸುವ ಸಣ್ಣ ಸ್ಕ್ಯಾನರುಗಳು ಈಗ ಕಡಿಮೆ ದುಡ್ಡಿಗೂ ಸಿಗುತ್ತವೆ. ಕಾರಿಗೆ, ಸಣ್ಣ ಪಿಕಪ್ಪಿಗೆ ಸಾಮಾನ್ಯ ಕೋಡ್ ಓದಲು ಸಾಕು. ಕಂಪನಿಯ ಒಳಗುಟ್ಟಿನ ಕೋಡುಗಳನ್ನೆಲ್ಲ ಅವು ಓದಲಾರವು. ಇನ್ನು 24 ವೋಲ್ಟಿನ ಲಾರಿಯ ಭಾಷೆಯೇ ಬೇರೆ. ಕಾರಿನ ಸ್ಕ್ಯಾನರನ್ನು ಅದಕ್ಕೆ ಚುಚ್ಚಲು ಹೋಗಬೇಡಿ. ಕೆಲಸ ಮುಗಿದ ಮೇಲೆ ಕಿತ್ತಿಡಿ, ಇಲ್ಲದಿದ್ದರೆ ನಿಂತ ಗಾಡಿಯ ಬ್ಯಾಟರಿ ಇಳಿದೀತು.

ಹೊಲದ ಯೂರಿಯಾ ಟ್ಯಾಂಕಿಗೆ ಬೇಡ

ಬಿಎಸ್-6 ಡೀಸೆಲ್ ಗಾಡಿಗಳಲ್ಲಿ ಮಸಿ ಹಿಡಿಯುವ ಜರಡಿಯೊಂದು, ಅಂದರೆ ಡಿಪಿಎಫ್, ಹೊಗೆ ಕೊಳವೆಯಲ್ಲಿ ಇರುತ್ತದೆ. ಹಿಡಿದ ಮಸಿಯನ್ನು ಗಾಡಿ ಓಡುತ್ತ ಓಡುತ್ತ ತಾನೇ ಸುಟ್ಟುಕೊಳ್ಳಬೇಕು. ಮನೆಯಿಂದ ಹೊಲಕ್ಕೆ, ಹೊಲದಿಂದ ಸಂತೆಗೆ ಅಂತ ಬರೀ ಕುಂಟು ಓಡಾಟ ಮಾಡಿದರೆ ಸುಡುವಷ್ಟು ಶಾಖವೇ ಹುಟ್ಟುವುದಿಲ್ಲ. ಜರಡಿ ಕಟ್ಟುತ್ತದೆ, ದೀಪ ಹತ್ತುತ್ತದೆ. ಈ ದೀಪ ಕಂಡಾಗ ಕೈಪಿಡಿಯಲ್ಲಿ ಹೇಳಿದಂತೆ ಗಾಡಿಯನ್ನು ನಿಲ್ಲಿಸದೆ ಒಂದೇ ಸಮ ಓಡಿಸಿದರೆ ಎಷ್ಟೋ ಸಲ ಗ್ಯಾರೇಜಿನ ಖರ್ಚೇ ತಪ್ಪುತ್ತದೆ. ಜರಡಿಯನ್ನೇ ಕಿತ್ತು ಹಾಕಿಸುವುದು ಕಾನೂನಿಗೂ ವಿರುದ್ಧ, ಗಾಡಿಗೂ ಕೇಡು.

ಇನ್ನು ಕೆಲವು ಗಾಡಿಗಳಿಗೆ ಡೀಸೆಲ್ ಜೊತೆಗೆ ಬೇರೆ ಟ್ಯಾಂಕಿನಲ್ಲಿ ಯೂರಿಯಾ ದ್ರಾವಣ ಹಾಕಬೇಕು. ಅದರಲ್ಲಿ ಯೂರಿಯಾ ಶೇ. 32.5, ಉಳಿದದ್ದು ಶುದ್ಧ ನೀರು. ‘ಯೂರಿಯಾ ತಾನೆ? ಮನೇಲೇ ಮೂಟೆ ಅದಲ್ಲ’ ಎಂದು ರೈತನಿಗೆ ಅನ್ನಿಸುವುದು ಸಹಜ. ದಯವಿಟ್ಟು ಆ ಕೆಲಸ ಮಾಡಬೇಡಿ. ನಮ್ಮ ದೇಶದ ಗೊಬ್ಬರದ ಯೂರಿಯಾಕ್ಕೆ 2015ರಿಂದ ಬೇವಿನ ಎಣ್ಣೆಯ ಲೇಪನ ಕಡ್ಡಾಯ. ಪೈರಿಗೆ ಅದು ಒಳ್ಳೆಯದು, ಗಾಡಿಗೆ ವಿಷ. ಲೇಪನ, ಕಲ್ಮಷ, ಕೊಳವೆಬಾವಿ ನೀರಿನ ಉಪ್ಪು ಎಲ್ಲ ಸೇರಿ ಸಿಂಪಡಿಸುವ ನಳಿಕೆಯನ್ನೂ ಹೊಗೆ ಶುದ್ಧಿ ಮಾಡುವ ಭಾಗವನ್ನೂ ಹಾಳು ಮಾಡುತ್ತವೆ.

ಕಂಪ್ಯೂಟರಿಗೆ ಕಾಣದ್ದು

ಹತ್ತುವ ಮಾತಾಯಿತು, ಇಳಿಯುವುದರ ಬಗ್ಗೆಯೂ ಒಂದು ಮಾತು. ‘ಸ್ಕ್ಯಾನ್ ಮಾಡಿಸ್ದೆ, ಒಂದು ಕೋಡೂ ಇಲ್ಲ’ ಎಂದು ಧೈರ್ಯವಾಗಿ ಕೋಸು ತುಂಬಿಕೊಂಡು ದಿಂಬಂನಿಂದ ಇಳಿಯುವವರುಂಟು. ಎಬಿಎಸ್ ಕಂಪ್ಯೂಟರ್ ಚಕ್ರದ ವೇಗ ನೋಡುತ್ತದೆ, ತನ್ನ ಸೆನ್ಸರ್ ಕೆಟ್ಟರೆ ಹೇಳುತ್ತದೆ. ಬ್ರೇಕ್ ಲೈನರ್ ಸವೆದಿರುವುದು, ಡ್ರಮ್ ಕಾದು ಕೆಂಪಗಾಗಿರುವುದು, ಬ್ರೇಕ್ ಆಯಿಲ್ ಹಳತಾಗಿ ನೀರು ಸೇರಿರುವುದು ನಮ್ಮ ಬಹುಪಾಲು ಪಿಕಪ್, ಲಾರಿಗಳ ಕಂಪ್ಯೂಟರಿಗೆ ಗೊತ್ತೇ ಆಗುವುದಿಲ್ಲ. ಅದಕ್ಕೆ ಚಕ್ರ ಬಿಚ್ಚಿ ಕಣ್ಣಿಂದಲೇ ನೋಡಬೇಕು. ಹತ್ತುವ ಗೇರಿನಲ್ಲೇ ಇಳಿಯಬೇಕೆಂಬ ಹಳೇ ಡ್ರೈವರುಗಳ ಮಾತನ್ನು ಯಾವ ಪೆಟ್ಟಿಗೆಯೂ ಸುಳ್ಳು ಮಾಡಿಲ್ಲ.

ಕೋಡಿಗೆ ಗಡಿಯಿಲ್ಲ

ಹಾಗಾದರೆ ಗಾಡಿ ಮಾಲೀಕ ಗ್ಯಾರೇಜಿನಲ್ಲಿ ಕೇಳಬೇಕಾದ್ದು ಮೂರೇ ಪ್ರಶ್ನೆ. ಕೋಡ್ ನಂಬರ್ ಏನು? ಈ ಸಾಮಾನೇ ಕೆಟ್ಟಿದೆ ಎಂದು ಯಾವ ಪರೀಕ್ಷೆಯಿಂದ ಗೊತ್ತಾಯಿತು? ರಿಪೇರಿಯಾದ ಮೇಲೆ ಭಾರ ಹೇರಿ ಏರು ಹತ್ತಿಸಿ ಮತ್ತೊಮ್ಮೆ ಸ್ಕ್ಯಾನ್ ಮಾಡಿದಿರಾ? ಈ ಮೂರಕ್ಕೂ ಸಮಾಧಾನವಾಗಿ ಉತ್ತರ ಕೊಡುವವನೇ ಒಳ್ಳೆಯ ಮೆಕ್ಯಾನಿಕ್ಕು. ತಪಾಸಣೆಗೆಂದು ಅವನು ಕೇಳುವ ಕೂಲಿಗೆ ಚೌಕಾಸಿ ಬೇಡ. ಸುಮ್ಮನೆ ಸಾಮಾನು ಬದಲಿಸುತ್ತ ಹೋಗುವುದಕ್ಕಿಂತ ಅದು ಎಷ್ಟೋ ಅಗ್ಗ.

ಗಡಿಯವರಿಗೆ ಇದರಲ್ಲಿ ಇನ್ನೊಂದು ಅನುಕೂಲವಿದೆ. ಕೆಳಗಿನ ಮೆಕ್ಯಾನಿಕ್ಕು ‘ಎನ್ನ ಅಣ್ಣೇ, ವಂಡಿ ಇಳುಕ್ಕಲೆಯಾ?’ ಅನ್ನುತ್ತಾನೆ, ಚಾಮರಾಜನಗರದವನು ‘ಎಳೀತಾ ಇಲ್ವಾಣ್ಣ?’ ಅನ್ನುತ್ತಾನೆ. ಮಾತು ಎರಡಾದರೂ ‘ಪಿ0’ ಎಂದು ಶುರುವಾಗುವ ಕೋಡುಗಳ ಅರ್ಥ ಎರಡೂ ಕಡೆ ಒಂದೇ, ಗಾಡಿ ಯಾವ ಕಂಪನಿಯದಾದರೂ ಒಂದೇ. ಸತ್ಯಮಂಗಲದಲ್ಲಿ ತೆಗೆದ ಫೋಟೋವನ್ನು ಚಾಮರಾಜನಗರದ ನಂಬಿಕಸ್ಥನಿಗೆ ಕಳಿಸಿ, ‘ಏನಂತೀಯಪ್ಪ?’ ಎಂದು ಕೇಳಬಹುದು. ಇಬ್ಬರೂ ಪೈಪು ಎಂದರೆ ಪೈಪು ಹಾಕಿಸಿ. ಒಬ್ಬ ಟರ್ಬೋ, ಇನ್ನೊಬ್ಬ ಪೈಪು ಎಂದರೆ ಪರ್ಸು ತೆಗೆಯುವ ಮೊದಲು ಬಾನೆಟ್ ಇನ್ನೊಂದು ಸಲ ಎತ್ತಿಸಿ.