ಸ್ವೀಡನ್ ಮನೆಯ ಪಾಲುಪಟ್ಟಿ

ವಾಕರ್ ಹಿಡಿದ ಅಜ್ಜಿಯೊಬ್ಬಳು ಸರ್ಕಾರದ ದುಡ್ಡಿನತ್ತ ಹೆಜ್ಜೆ ಎಳೆಯುತ್ತಿದ್ದಾಳೆ. ಹಿಂದಿನಿಂದ ಮಕ್ಕಳ ಗಾಡಿ ತಳ್ಳಿಕೊಂಡು ಬುರ್ಖಾ ತೊಟ್ಟ ಹೆಂಗಸರು ಧಾವಿಸಿ ಬರುತ್ತಾರೆ. 2010ರ ಚುನಾವಣೆಗೆ ಸ್ವೀಡನ್ ಡೆಮಾಕ್ರಾಟ್ಸ್ ಪಕ್ಷ ಮಾಡಿಸಿದ ಜಾಹೀರಾತು ಇದು. ಇದ್ದಂತೆಯೇ ತೋರಿಸಲು ಟಿವಿ4 ವಾಹಿನಿ ಒಪ್ಪಲಿಲ್ಲ. ಆ ಗದ್ದಲವೇ ಪುಕ್ಕಟೆ ಪ್ರಚಾರವಾಯಿತು. ಶೇ 5.7ರಷ್ಟು ಮತ ಗಳಿಸಿ ಪಕ್ಷ ಮೊದಲ ಸಲ ಸಂಸತ್ತು ಹೊಕ್ಕಿತು. ಜಾಹೀರಾತಿನಲ್ಲಿ ರಕ್ತ, ಕುಲದ ಮಾತೇ ಇಲ್ಲ. ಇರುವುದು ಪಿಂಚಣಿಯ ಲೆಕ್ಕ.

1988ರಲ್ಲಿ ಹುಟ್ಟಿದಾಗ ನವನಾಜಿಗಳ ನಂಟಿದ್ದ ಪಕ್ಷವದು. 2005ರಲ್ಲಿ ಜಿಮ್ಮಿ ಓಕೆಸನ್ ನಾಯಕರಾದ ಮೇಲೆ ಭಾಷೆ ನಯವಾಯಿತು, ಎದುರಾಳಿಗಳ ಕನಸಿಗೇ ವಾರಸುದಾರಿಕೆ ಹೂಡಿದ್ದಾಯಿತು. ದೇಶವೆಂದರೆ ಮುದ್ದಿನ ಮಕ್ಕಳೂ ಮಲಮಕ್ಕಳೂ ಇಲ್ಲದ ಮನೆಯಾಗಬೇಕು ಎಂದು 1928ರಲ್ಲಿ ಹೇಳಿದವರು ಸೋಷಿಯಲ್ ಡೆಮಾಕ್ರಾಟ್ ನಾಯಕ ಪೆರ್ ಆಲ್ಬಿನ್ ಹಾನ್ಸನ್. (ಆ ಮನೆಯೂ ಅಷ್ಟೇನೂ ಶುಭ್ರವಾಗಿರಲಿಲ್ಲ. 1922ರಲ್ಲೇ ಉಪ್ಸಲಾದಲ್ಲಿ ಜನಾಂಗಗಳನ್ನು ಅಳೆಯುವ ಸರ್ಕಾರಿ ಸಂಸ್ಥೆ ತೆರೆದಿತ್ತು. 1975ರವರೆಗೆ ಜಾರಿಯಲ್ಲಿದ್ದ ಕಾನೂನುಗಳಡಿ ಸುಮಾರು 63,000 ಮಂದಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ನಡೆಯಿತು, ಅನೇಕರಿಗೆ ಬಲವಂತದಿಂದ.)

1990ರ ದಶಕದ ಬ್ಯಾಂಕ್ ಬಿಕ್ಕಟ್ಟು ನಿರುದ್ಯೋಗ ತಂದಿತು. ಸೌಲಭ್ಯಗಳಿಗೆ ಕತ್ತರಿ ಬಿತ್ತು, ತೆರಿಗೆ ಹಣದಲ್ಲೇ ಖಾಸಗಿ ಶಾಲೆಗಳು ಬೆಳೆದವು, ನಗರಸಭೆಯ ಬಾಡಿಗೆ ಮನೆಗಳು ಮಾರಾಟವಾದವು. ಕಡಿತ ಮಾಡಿದವರು ಸರ್ಕಾರ ನಡೆಸುವವರು. ಬೊಟ್ಟು ತೋರಿದ್ದು ಮಾತ್ರ ಹೊಸದಾಗಿ ಬಂದ ನೆರೆಮನೆಯವರತ್ತ.

ಜನಾಂಗದ್ವೇಷದ ವಿರೋಧಿಗಳೂ ಸುಮ್ಮನೆ ಕೂರಲಿಲ್ಲ. 2013ರ ಡಿಸೆಂಬರ್ 15ರಂದು ಸ್ಟಾಕ್‌ಹೋಮ್‌ನ ಶೆರ್ಟೋರ್ಪ್ ಬಡಾವಣೆಯಲ್ಲಿ, ಗೋಡೆಗಳ ಮೇಲಿನ ನಾಜಿ ಬರಹಗಳ ವಿರುದ್ಧ ಮಕ್ಕಳುಮರಿಯೊಂದಿಗೆ ಸೇರಿದ್ದವರ ಮೇಲೆ ನವನಾಜಿಗಳು ಬಾಟಲಿ, ಪಟಾಕಿ ಎಸೆದು ನುಗ್ಗಿದರು. ಒಂದೇ ವಾರದಲ್ಲಿ ಅಲ್ಲೇ ಸುಮಾರು 16,000 ಜನ ನೆರೆದರು. ದೊಡ್ಡ ದಿನವೇ ಸರಿ. ಆದರೆ ಮರುವರ್ಷದ ಚುನಾವಣೆಯಲ್ಲಿ ಓಕೆಸನ್ ಪಕ್ಷದ ಮತ ಶೇ 12.9ಕ್ಕೆ ಏರಿತು, 2022ರಲ್ಲಿ ಶೇ 20.5. ಆ ಪಕ್ಷದ ಈಗಿನವರು ನಾಜಿಗಳಂತೆ ಕಾಣುವುದಿಲ್ಲ, ಹಾಗಾಗಿ ನಾಜಿಗಳನ್ನು ಓಡಿಸುವ ಧೈರ್ಯ ಇವರ ಮುಂದೆ ಸಾಲದು.

ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಸ್ಟಾಕ್‌ಹೋಮ್‌ನ ಹೂಸ್ಬಿ ಬಡಾವಣೆಯ ‘ಮೆಗಾಫೋನೆನ್’ ಗುಂಪು. 1965ರಿಂದ 1974ರ ನಡುವೆ ಹತ್ತು ಲಕ್ಷ ಮನೆ ಕಟ್ಟಿದ ಯೋಜನೆಯ ಬಡಾವಣೆ ಅದು. ಈಗ ಅಲ್ಲಿ ಹೆಚ್ಚಿನವರು ವಲಸಿಗರು, ಅವರ ಮಕ್ಕಳು. ಈ ಯುವಕ ಯುವತಿಯರು ಶಾಲಾಮಕ್ಕಳ ಮನೆಪಾಠಕ್ಕೆ ನೆರವಾದರು, ರಿಪೇರಿ ನೆಪದಲ್ಲಿ ಬಾಡಿಗೆ ಏರಿಸುವುದನ್ನು ಪ್ರಶ್ನಿಸಿದರು. ಬಾಡಿಗೆ ಏರಿದರೆ ಏಟು ಬೀಳುವುದು ವಲಸಿಗರಿಗೆ ಮಾತ್ರವಲ್ಲ, ಆ ಅಜ್ಜಿಗೂ ಅಲ್ಲವೇ? 2013ರ ಮೇ ತಿಂಗಳಲ್ಲಿ ಪೊಲೀಸರ ಗುಂಡಿಗೆ ಬಡಾವಣೆಯ 69 ವರ್ಷದ ವ್ಯಕ್ತಿ ಬಲಿಯಾದ ಮೇಲೆ ಗಲಭೆ ಎದ್ದಿತು. ಹೊರಗಿನ ಪತ್ರಕರ್ತರ ದಂಡು ಹೂಸ್ಬಿಗೆ ಬಂತು. ಅವರು ಕೇಳಿದ್ದು ಸುಟ್ಟ ಕಾರುಗಳ ಬಗ್ಗೆ, ಬಾಡಿಗೆಯ ಬಗ್ಗೆ ಅಪರೂಪಕ್ಕೆ.