ಬಂಪರಿನ ಬಣ್ಣವೂ ಸೆನ್ಸರಿನ ಕಿವಿಯೂ

ಕಾರಿನ ಹಿಂದಿನ ಬಂಪರಿನಲ್ಲಿ ನಾಣ್ಯದ ಗಾತ್ರದ ಎರಡೋ ನಾಲ್ಕೋ ಬಿಲ್ಲೆಗಳನ್ನು ನೀವು ನೋಡಿರಬಹುದು. ಕಾರು ಹಿಂದಕ್ಕೆ ಸರಿಯುವಾಗ ಅಡ್ಡವಿರುವುದನ್ನು ಪತ್ತೆಹಚ್ಚಿ, ಬೀಪ್ ಸದ್ದಿನಿಂದ ಚಾಲಕರನ್ನು ಎಚ್ಚರಿಸುವ ಪಾರ್ಕಿಂಗ್ ಸೆನ್ಸರ್‌ಗಳಿವು. 2019ರ ಜುಲೈ 1ರಿಂದ ನಮ್ಮ ದೇಶದಲ್ಲಿ ತಯಾರಾಗುವ ಕಾರುಗಳ ಹಿಂಬದಿಗೆ ಈ ವ್ಯವಸ್ಥೆ ಕಡ್ಡಾಯವಾಗಿದೆ.

ಮೈಸೂರಿನ ಚಾಮರಾಜಪುರಂನಂತಹ ಹಳೆಯ ಬಡಾವಣೆಗಳಲ್ಲಿ ಇದರ ಉಪಯೋಗ ಚೆನ್ನಾಗಿ ತಿಳಿಯುತ್ತದೆ. ಕಾರು ಅಪರೂಪವಾಗಿದ್ದ ಕಾಲದಲ್ಲಿ ಕಟ್ಟಿದ ಮನೆಗಳ ಗೇಟು ಕಿರಿದು. ಗೇಟು ದಾಟಿದೊಡನೆ ರಸ್ತೆ. ಕಾರನ್ನು ಹಿಂದಕ್ಕೆ ತೆಗೆಯುವಾಗ ಕಂಬ ತಗುಲಿ ಬಂಪರಿಗೆ ಗೀರು ಬೀಳುವುದೂ ಸೆನ್ಸರ್ ಕೆಡುವುದೂ ಉಂಟು. ಬದಲಿಗೆ ತಂದ ಸೆನ್ಸರ್ ಸಾಮಾನ್ಯವಾಗಿ ಕಪ್ಪಗಿರುತ್ತದೆ, ಇಲ್ಲವೇ ಬರೀ ಪ್ರೈಮರ್ ಬಳಿದಿರುತ್ತದೆ. ಬಂಪರಾದರೋ ಬೆಳ್ಳಿ ಬಣ್ಣದ್ದು! ಹಾಗಾದರೆ ಸೆನ್ಸರಿಗೂ ಬಣ್ಣ ಹೊಡೆಸಬಹುದೇ? ಹೊಡೆಸಬಹುದು. ಆದರೆ ಆ ಬಣ್ಣ ಎಷ್ಟು ತೆಳುವಾಗಿರಬೇಕು, ಎಲ್ಲಿಗೆ ತಾಗಬಾರದು ಎಂಬುದನ್ನು ಮೊದಲು ತಿಳಿದಿರಬೇಕು.

ಸೆನ್ಸರಿನ ಮುಖ ಒಂದು ತೆಳುವಾದ ಅಲ್ಯೂಮಿನಿಯಂ ಪೊರೆ. ಅದರ ಒಳಬದಿಗೆ ವಿಶೇಷ ಸೆರಾಮಿಕ್ ಬಿಲ್ಲೆಯೊಂದನ್ನು ಅಂಟಿಸಿರುತ್ತಾರೆ. ವಿದ್ಯುತ್ ಹಾಯಿಸಿದರೆ ಈ ಬಿಲ್ಲೆ ಕಂಪಿಸುತ್ತದೆ. ಅದನ್ನು ಕಂಪಿಸಿದರೆ ವಿದ್ಯುತ್ ಹುಟ್ಟುತ್ತದೆ. ಒತ್ತಡದಿಂದ ಕೆಲವು ಹರಳುಗಳಲ್ಲಿ ವಿದ್ಯುತ್ ಹುಟ್ಟುವುದನ್ನು ಫ್ರಾನ್ಸಿನ ಕ್ಯೂರಿ ಸಹೋದರರು 1880ರಲ್ಲಿ ಕಂಡುಹಿಡಿದರು. ಹೀಗಾಗಿ ಒಂದೇ ಬಿಲ್ಲೆ ಬಾಯಿಯೂ ಹೌದು, ಕಿವಿಯೂ ಹೌದು. ಅದು ಸೆಕೆಂಡಿಗೆ ಸುಮಾರು 40,000 ಅಥವಾ ಅದಕ್ಕೂ ಹೆಚ್ಚು ಕಂಪನಗಳ ಶಬ್ದವನ್ನು ಹೊರಡಿಸುತ್ತದೆ. ಮನುಷ್ಯರ ಕಿವಿಗೆ ಕೇಳುವುದು ಹೆಚ್ಚೆಂದರೆ 20,000 ಕಂಪನಗಳವರೆಗೆ. ಆದ್ದರಿಂದ ಈ ಶಬ್ದ ನಮಗೆ ಕೇಳಿಸದು. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಒಂದು ಮೀಟರ್ ದೂರದ ಗೋಡೆಗೆ ಹೋಗಿ ಬರಲು ಅದಕ್ಕೆ ಬೇಕಾಗುವುದು ಸೆಕೆಂಡಿನ ಸಾವಿರದಲ್ಲಿ ಆರು ಭಾಗದಷ್ಟು ಕಾಲ ಮಾತ್ರ. ಮರುದನಿ ಬರಲು ಹಿಡಿದ ಕಾಲವನ್ನು ಅಳೆದು ದೂರವನ್ನು ಲೆಕ್ಕ ಹಾಕಲಾಗುತ್ತದೆ.

ಈ ಪೊರೆಯ ಮೇಲೆ ಬಣ್ಣ ದಪ್ಪವಾದರೆ ಏನಾಗುತ್ತದೆ? ಮೃದಂಗವನ್ನು ನೆನಪಿಸಿಕೊಳ್ಳಿ. ಕಚೇರಿಗೆ ಮೊದಲು ವಾದಕರು ಎಡಬದಿಯ ಚರ್ಮಕ್ಕೆ ರವೆಯ ಕಣಕ ಮೆತ್ತುತ್ತಾರೆ. ಚರ್ಮಕ್ಕೆ ಭಾರ ಕೂಡಿ ನಾದ ತಗ್ಗುತ್ತದೆ. ಬಲಬದಿಯ ಕಪ್ಪು ಕರಣೆಯ ಭಾರದಿಂದ ಚರ್ಮದ ಬಗೆಬಗೆಯ ಕಂಪನಗಳು ಹೇಗೆ ಸುನಾದವಾಗಿ ಹೊಂದಿಕೊಳ್ಳುತ್ತವೆ ಎಂಬುದನ್ನು ಸರ್ ಸಿ. ವಿ. ರಾಮನ್ 1934ರಲ್ಲಿ ಪ್ರಕಟಿಸಿದ ಲೇಖನದಲ್ಲಿ ವಿವರಿಸಿದ್ದಾರೆ. ಸೆನ್ಸರಿನ ಪೊರೆಯೂ ಇಂತಹ ಒಂದು ಪುಟ್ಟ ವಾದ್ಯ. ಕಾರ್ಖಾನೆಯಲ್ಲೇ ಶ್ರುತಿ ಮಾಡಿದ್ದು. ದಪ್ಪ ಬಣ್ಣ ಅದರ ಶ್ರುತಿಯನ್ನು ತಗ್ಗಿಸುತ್ತದೆ, ಕಂಪನವನ್ನೂ ಕುಗ್ಗಿಸುತ್ತದೆ. ಮರುದನಿ ಕ್ಷೀಣಿಸಿ, ಇರುವ ಅಡ್ಡಿ ಇಲ್ಲದಂತಾಗಬಹುದು. ಸೆನ್ಸರಿನ ಸುತ್ತ ರಬ್ಬರಿನಂತಹ ಮೆತ್ತನೆಯ ಬಳೆಯೊಂದಿರುತ್ತದೆ. ಪೊರೆಯ ನಡುಕ ಬಂಪರಿಗೆ ಹಾಯದಂತೆ ತಡೆಯುವುದು ಇದರ ಕೆಲಸ. ಬಣ್ಣ ಈ ಸಂದಿನಲ್ಲಿ ಕಟ್ಟಿಕೊಂಡರೆ ಬಂಪರೂ ನಡುಗಿ, ಏನೂ ಇಲ್ಲದೆಯೇ ಬೀಪ್ ಸದ್ದು ಬರಬಹುದು.

ಇನ್ನು ಕೆಲಸದ ಕ್ರಮ. ಕೊಂಡ ಸೆನ್ಸರ್ ಬಣ್ಣ ಹೊಡೆಯಬಹುದಾದ ಬಗೆಯದೇ ಎಂದು ಅದರೊಡನೆ ಬಂದ ಸೂಚನೆಯಲ್ಲಿ ಖಚಿತಪಡಿಸಿಕೊಳ್ಳಿ. ಕಾರಿನ ಬಣ್ಣದ ಸಂಕೇತ ಸಾಮಾನ್ಯವಾಗಿ ಬಾಗಿಲ ಕಂಬದ ಮೇಲೋ ಎಂಜಿನ್ ಕೋಣೆಯಲ್ಲೋ ಅಂಟಿಸಿದ ಚೀಟಿಯಲ್ಲಿರುತ್ತದೆ. ಆದರೆ ಬಿಸಿಲಿಗೆ ಮಾಸಿದ ಬಂಪರು ಆ ಸಂಕೇತದ ಬಣ್ಣಕ್ಕೆ ತಾಳೆಯಾಗದಿರಬಹುದು. ಆದ್ದರಿಂದ ಕೆಟ್ಟ ಹಳೆಯ ಸೆನ್ಸರನ್ನು ಎಸೆಯದೆ, ಮೊದಲು ಅದಕ್ಕೇ ಬಣ್ಣ ಹೊಡೆಸಿ ಹಗಲು ಬೆಳಕಿನಲ್ಲಿ ಬಂಪರಿನ ಪಕ್ಕ ಹಿಡಿದು ನೋಡಿ. ಬೆಳ್ಳಿ ಬಣ್ಣಗಳು ನೋಡುವ ಕೋನಕ್ಕೆ ತಕ್ಕಂತೆ ಬೇರೆಯಾಗಿ ಕಾಣುತ್ತವೆ. ನಿಂತೂ ನೋಡಿ, ಕುಳಿತೂ ನೋಡಿ.

ಸೆನ್ಸರನ್ನು ಬಂಪರಿನಿಂದ ಬಿಚ್ಚಿ, ಬಳೆಯನ್ನು ತೆಗೆದಿಟ್ಟೇ ಬಣ್ಣ ಹೊಡೆಯಬೇಕು. ಹೊರಗೆ ಕಾಣುವ ಮುಖವನ್ನು ಬಿಟ್ಟು ಉಳಿದ ಭಾಗಕ್ಕೆ, ಮುಖ್ಯವಾಗಿ ವೈರ್ ಸೇರುವ ಜಾಗಕ್ಕೆ, ಟೇಪ್ ಸುತ್ತಬೇಕು. ನಯವಾದ ವಾಟರ್ ಪೇಪರಿನಿಂದ ಮುಖವನ್ನು ಹಗುರವಾಗಿ ಉಜ್ಜಿ ಒರೆಸಿದರೆ ಸಾಕು. ಲೋಹ ಕಾಣುವಂತೆ ಕೆರೆಯಬಾರದು, ಥಿನ್ನರಿನಲ್ಲಿ ನೆನೆಸಬಾರದು. ಪುಟ್ಟಿಯಂತೂ ಬೇಡವೇ ಬೇಡ. ಬ್ರಷ್ ಬದಲು ಸ್ಪ್ರೇಯಿಂದ, ತೆಳುವಾದ ಪದರಗಳಲ್ಲಿ, ಒಂದು ಒಣಗಿದ ಮೇಲೆ ಇನ್ನೊಂದರಂತೆ ಬಣ್ಣವನ್ನೂ ಕೊನೆಗೆ ಹೊಳಪಿನ ಪದರವನ್ನೂ ಹೊಡೆಯಬೇಕು. ಕಾರ್ಖಾನೆಯಿಂದ ಬರುವ ಕಾರಿನ ಬಣ್ಣದ ಎಲ್ಲ ಪದರಗಳೂ ಸೇರಿ ಒಂದು ಹಾಳೆಯ ದಪ್ಪಕ್ಕಿಂತ, ಅಂದರೆ ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತ, ಹೆಚ್ಚೇನೂ ಇರುವುದಿಲ್ಲ ಎಂಬುದು ನೆನಪಿರಲಿ. ಹಳೆಯ ಬಣ್ಣದ ಮೇಲೆ ಮತ್ತೆ ಮತ್ತೆ ಹೊಡೆಸುವುದೂ ಸಲ್ಲದು. ಬಿಸಿ ದೀಪದೆದುರು ಇಡದೆ, ಒಂದು ದಿನ ನೆರಳಿನಲ್ಲಿ ತಾನಾಗಿ ಒಣಗಲಿ.

ಮರಳಿ ಕೂರಿಸಿದ ಮೇಲೆ ಪರೀಕ್ಷೆ ತಪ್ಪಿಸಬೇಡಿ. ಸಮತಟ್ಟಾದ ಜಾಗದಲ್ಲಿ ಕಾರು ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಬ್ರೇಕ್ ಪೆಡಲನ್ನು ಒತ್ತಿಹಿಡಿದೇ ರಿವರ್ಸ್ ಗೇರಿಗೆ ಹಾಕಿ. ಇನ್ನೊಬ್ಬರು ಕಾರಿನ ಪಕ್ಕಕ್ಕೆ ನಿಂತು, ಉದ್ದ ಕೋಲಿಗೆ ಕಟ್ಟಿದ ರಟ್ಟಿನ ಪೆಟ್ಟಿಗೆಯನ್ನು ಒಂದೊಂದು ಸೆನ್ಸರಿನ ಎದುರಿಗೂ ಹಿಡಿಯಲಿ. ಬಣ್ಣ ಹೊಡೆಸಿದ ಸೆನ್ಸರ್ ಉಳಿದವುಗಳಷ್ಟೇ ದೂರದಿಂದ ಎಚ್ಚರಿಸಬೇಕು. ತಡವಾಗಿ ಎಚ್ಚರಿಸಿದರೆ ಅಂದ ಎಷ್ಟೇ ಚೆನ್ನಾಗಿರಲಿ, ಅದನ್ನು ಬದಲಿಸುವುದೇ ಸರಿ.

ಏಕೆಂದರೆ ಕಾರಿನ ಹಿಂದೆ ಯಾವಾಗಲೂ ಗೇಟಿನ ಕಂಬವೇ ಇರುವುದಿಲ್ಲ. ಚೆಂಡು ಹೆಕ್ಕಲು ಬಗ್ಗಿದ ಮಗುವಿರಬಹುದು. ಬಟ್ಟೆ ಶಬ್ದವನ್ನು ಹೀರಿಕೊಳ್ಳುತ್ತದೆ. ತೀರ ತಗ್ಗಿನಲ್ಲಿರುವುದು ಸೆನ್ಸರಿನ ಕಣ್ತಪ್ಪುತ್ತದೆ. ಚೆನ್ನಾಗಿರುವ ಸೆನ್ಸರಿಗೇ ಈ ಮಿತಿಗಳಿವೆ. ಹಾಗಾಗಿ ಕಾರು ಹತ್ತುವ ಮುನ್ನ ಹಿಂದೆ ಹೋಗಿ ಒಮ್ಮೆ ನೋಡುವ ಅಭ್ಯಾಸವನ್ನು ಬಿಡಬೇಡಿ.